ಬಾಡಿಗೆ ಸಾಫ್ಟ್‌ವೇರೋ, ಹಳೆ ವರ್ಷನ್ನೋ? ಡಿಟಿಪಿ, ಫ್ಲೆಕ್ಸ್, ಫೋಟೊ ಸ್ಟುಡಿಯೋದವರು ಮಾಡಬೇಕಾದ ಲೆಕ್ಕ

ರಾಯಚೂರು, ಕೊಪ್ಪಳ, ಬಳ್ಳಾರಿಯ ಹಳೆ ಡಿಟಿಪಿ ಅಂಗಡಿಗಳ ಮೂಲೆಯಲ್ಲಿ ಸಾಮಾನ್ಯವಾಗಿ ಒಂದು ಹಳೇ ಕಂಪ್ಯೂಟರ್ ಇರುತ್ತದೆ. ಅದರಲ್ಲಿ ಪೇಜ್‌ಮೇಕರ್ 7, ಕೋರಲ್ ಎಕ್ಸ್3, ಫೋಟೊಶಾಪ್ 7, ಕನ್ನಡಕ್ಕೆ ನುಡಿ; ತೆಲುಗಿಗೆ ಅನು, ಉರ್ದುವಿಗೆ ಇನ್‌ಪೇಜ್. ಇಪ್ಪತ್ತು ವರ್ಷದ ಲಗ್ನಪತ್ರಿಕೆ, ಬಿಲ್‌ಬುಕ್, ಜಾತ್ರೆ ಕರಪತ್ರಗಳೆಲ್ಲ ಅದರ ಹೊಟ್ಟೆಯಲ್ಲೇ. ಹೊಸ ಹುಡುಗ ಕೆಲಸಕ್ಕೆ ಬಂದ ಕೂಡಲೇ ಹೇಳುವ ಮೊದಲ ಮಾತು 'ಆ ಸಿಸ್ಟಮ್ ಮುಟ್ಟಬ್ಯಾಡ' ಅಂತ. ಇನ್ನೊಂದು ಟೇಬಲ್ಲಿನ ಮೇಲೆ ಹೊಸ ಕಂಪ್ಯೂಟರ್, ಅದರಲ್ಲಿ ತಿಂಗಳ ಚಂದಾ ಕಟ್ಟುವ ಪ್ರೋಗ್ರಾಂ. ಎರಡರಲ್ಲಿ ಯಾವುದನ್ನು ಉಳಿಸಿಕೊಳ್ಳಬೇಕು, ಯಾವುದಕ್ಕೆ ದುಡ್ಡು ಹಾಕಬೇಕು ಎಂಬ ಪ್ರಶ್ನೆಯನ್ನು ಹೆಚ್ಚಿನವರು ಕೇಳಿಕೊಳ್ಳುವುದು ಎರಡರಲ್ಲೊಂದು ಕೆಟ್ಟು ನಿಂತ ದಿನ. ಅದಕ್ಕೆ ಮೊದಲೇ ಕೂತು ಮಾಡಬೇಕಾದ ಕೆಲಸಗಳನ್ನು ಇಲ್ಲಿ ಒಂದೊಂದಾಗಿ ಹೇಳಿದೆ.

ಹಿನ್ನೆಲೆ ಚುಟುಕಾಗಿ: ಫೋಟೊಶಾಪ್ ಮಾಡುವ ಅಡೋಬಿ ಕಂಪನಿ ಒಂದೇ ಸಲ ಹಣ ಪಡೆದು ಮಾರಿದ ಕೊನೆಯ ಕಟ್ಟು 2012ರ ಸಿಎಸ್6 (ಕ್ರಿಯೇಟಿವ್ ಸೂಟ್ 6). ಇನ್ನು ಮುಂದೆ ಹೊಸದೆಲ್ಲ ಚಂದಾ ಕಟ್ಟಿ ಬಳಸುವ ಕ್ರಿಯೇಟಿವ್ ಕ್ಲೌಡ್‌ನಲ್ಲಿ ಮಾತ್ರ ಎಂದು 2013ರ ಮೇನಲ್ಲಿ ಹೇಳಿತು. 2017ರ ಜನವರಿಗೆ ಸಿಎಸ್6 ಮಾರಾಟವೂ ನಿಂತಿತು. ಫೋಟೊ ತಿದ್ದುವ 2015ರ ಲೈಟ್‌ರೂಮ್ 6 ಕೂಡ ಒಂದೇ ಸಲದ ಖರೀದಿಯದೇ. ಅದಕ್ಕೆ 2017ರ ಕೊನೆಗೆ ಅಪ್‌ಡೇಟ್ ನಿಂತಿತು. ಕೋರಲ್ ಎರಡೂ ಬಗೆಯಲ್ಲಿ ಮಾರುತ್ತಾ ಬಂದಿದೆ, ಆದರೆ ಒಂದೇ ಸಲ ಕೊಂಡವರಿಗೆ ಆಮೇಲೆ ಬರುವ ಹೊಸ ಸೌಲಭ್ಯಗಳು ಸಿಗುವುದಿಲ್ಲ.

ಮೊದಲ ಕೆಲಸ: ನಿಮ್ಮದು ನಿಮ್ಮದೇನಾ ಎಂದು ನೋಡಿ

ಒಂದು ನೋಟ್‌ಬುಕ್ ತೆಗೆದುಕೊಂಡು ಅಂಗಡಿಯ ಪ್ರತಿ ಕಂಪ್ಯೂಟರಿಗೆ ಒಂದು ಪುಟ ಕೊಡಿ. ಪ್ರೋಗ್ರಾಂ ಹೆಸರು, ವರ್ಷನ್, 32 ಬಿಟ್ಟೋ 64 ಬಿಟ್ಟೋ, ಸೀರಿಯಲ್ ನಂಬರ್ ಎಲ್ಲಿದೆ, ಬಿಲ್ ಎಲ್ಲಿದೆ, ಸಿಡಿ ಅಥವಾ ಸೆಟಪ್ ಫೈಲ್ ಎಲ್ಲಿದೆ, ಯಾವ ಇಮೇಲ್‌ನಲ್ಲಿ ನೋಂದಣಿ ಆಗಿದೆ, ಇಷ್ಟು ಬರೆಯಿರಿ. ಅಂಗಡಿ ಬಿಟ್ಟು ಹೋದ ಹುಡುಗನ ಇಮೇಲ್‌ನಲ್ಲಿ ನೋಂದಣಿ ಆಗಿರುವುದು ಬಹಳ ಸಾಮಾನ್ಯ. ಅದನ್ನು ಇವತ್ತೇ ಸರಿ ಮಾಡಿಕೊಳ್ಳಿ, ಅವನ ಫೋನ್ ನಂಬರ್ ಬದಲಾಗುವ ಮುಂಚೆ.

ಆಮೇಲೆ ಪ್ರತಿ ಸಾಲಿಗೂ ಒಂದೇ ಪ್ರಶ್ನೆ ಕೇಳಿ: ಈ ರಾತ್ರಿ ಹಾರ್ಡ್‌ಡಿಸ್ಕ್ ಸುಟ್ಟರೆ ನಾಳೆ ಇದನ್ನು ಬೇರೆ ಮಷೀನಿಗೆ ಹಾಕಲು ಬರುತ್ತದಾ? ಬರುತ್ತದೆ ಎಂದರೆ ಆ ಪ್ರೋಗ್ರಾಂ ನಿಮ್ಮದು. ಬರುವುದಿಲ್ಲ ಎಂದರೆ ಅದೂ ಒಂಥರಾ ಬಾಡಿಗೆಯದೇ, ಮನೆ ಖಾಲಿ ಮಾಡಿಸುವ ದಿನ ಮಾತ್ರ ಗೊತ್ತಿಲ್ಲ.

'ಕೊಂಡ' ವರ್ಷನ್‌ಗಳೂ ಇದರಲ್ಲಿ ಫೇಲಾಗಬಹುದು. ಫೋಟೊಶಾಪ್ 7ಕ್ಕೆ ಸೀರಿಯಲ್ ನಂಬರ್ ಸಾಕಿತ್ತು. ಸಿಎಸ್ ಸರಣಿಗೆ ಆನ್‌ಲೈನ್ ಆಕ್ಟಿವೇಶನ್ ಬೇಕು, ಮತ್ತು ಸಿಎಸ್2, ಸಿಎಸ್3ರ ಆಕ್ಟಿವೇಶನ್ ಸರ್ವರ್‌ಗಳನ್ನು ಅಡೋಬಿ ಮುಚ್ಚಿಬಿಟ್ಟಿದೆ. ಹಳೆ ಸಿಎಸ್ ಇರುವವರು ವಿಂಡೋಸ್ ಫಾರ್ಮ್ಯಾಟ್ ಮಾಡುವ ಮುಂಚೆ ಹೆಲ್ಪ್ ಮೆನುವಿಗೆ ಹೋಗಿ ಡಿಆಕ್ಟಿವೇಟ್ ಒತ್ತಬೇಕು. ಒಂದು ಲೈಸೆನ್ಸ್ ಎರಡು ಮಷೀನಿನಲ್ಲಿ ಆಕ್ಟಿವೇಟ್ ಆಗುತ್ತದೆ. ಡಿಆಕ್ಟಿವೇಟ್ ಮಾಡದೆ ಎರಡು ಸಲ ಫಾರ್ಮ್ಯಾಟ್ ಹೊಡೆದರೆ ಎರಡೂ ಅವಕಾಶ ಮುಗಿದು, ಮೂರನೇ ಸಲಕ್ಕೆ ಬಾಗಿಲು ಮುಚ್ಚುತ್ತದೆ. ಸಿಸ್ಟಮ್ ರಿಪೇರಿಯವನು ಇದನ್ನು ನೋಡುವುದಿಲ್ಲ, ಅವನಿಗೆ ಸಿ ಡ್ರೈವ್ ಖಾಲಿ ಆದರೆ ಸಾಕು.

ಪೆನ್‌ಡ್ರೈವ್‌ನಲ್ಲಿ ಊರೂರು ತಿರುಗುವ ಕ್ರ್ಯಾಕ್ ಕಾಪಿಗಳ ವಿಷಯ. ನಕಲಿ ಎಂದು ಗೊತ್ತಿದ್ದೂ ಸಾಫ್ಟ್‌ವೇರ್ ಬಳಸಿದರೆ 1957ರ ಕೃತಿಸ್ವಾಮ್ಯ ಕಾಯ್ದೆಯ 63ಬಿ ಕಲಮಿನಂತೆ ಕನಿಷ್ಠ 7 ದಿನದಿಂದ 3 ವರ್ಷದವರೆಗೆ ಜೈಲು, 50 ಸಾವಿರದಿಂದ 2 ಲಕ್ಷ ರೂಪಾಯಿವರೆಗೆ ದಂಡ. ಕಾನೂನಿನ ಮಾತು ಬದಿಗಿಟ್ಟರೂ, ಕ್ರ್ಯಾಕ್ ಹಾಕಲು ಆಂಟಿವೈರಸ್ ಆಫ್ ಮಾಡಿಸಿಕೊಳ್ಳುವ ಪ್ರೋಗ್ರಾಮಿನ ಜೊತೆ ಇನ್ನೇನು ಒಳಗೆ ಬಂತು ಎಂದು ಯಾರಿಗೂ ತಿಳಿಯದು. ಗಿರಾಕಿಗಳ ಆಧಾರ್ ಸ್ಕ್ಯಾನ್ ಇಟ್ಟುಕೊಂಡ ಮಷೀನಿನಲ್ಲಿ ಈ ಆಟ ಬೇಡ. ಆನ್‌ಲೈನ್‌ನಲ್ಲಿ 'ಸೆಕೆಂಡ್ ಹ್ಯಾಂಡ್ ಲೈಸೆನ್ಸ್' ಎಂದು ಅಗ್ಗಕ್ಕೆ ಸಿಗುವ ಸೀರಿಯಲ್ ನಂಬರ್‌ಗೂ ಇದೇ ಮಾತು: ಮೂಲ ಬಿಲ್ ಇಲ್ಲದಿದ್ದರೆ ಮುಟ್ಟಬೇಡಿ.

ಎರಡನೆಯದು: ಮೂರು ವರ್ಷದ ಲೆಕ್ಕ

ತಿಂಗಳ ಲೆಕ್ಕ ಹಾಕಿದರೆ ಚಂದಾ ಯಾವಾಗಲೂ ಅಗ್ಗ ಅನಿಸುತ್ತದೆ. 36 ತಿಂಗಳಿಗೆ ಹಾಕಿ. ಲೆಕ್ಕಕ್ಕೆಂದು ತಿಂಗಳಿಗೆ 2,000 ರೂಪಾಯಿ ಇಟ್ಟುಕೊಂಡರೆ ಮೂರು ವರ್ಷಕ್ಕೆ 72,000. ಆ ಬೆಲೆ ಜಿಎಸ್‌ಟಿ ಸೇರಿಸಿಯೋ ಬಿಟ್ಟೋ ನೋಡಿ. ಸಾಫ್ಟ್‌ವೇರ್‌ಗೆ ಶೇಕಡಾ 18. ಬಿಟ್ಟು ಹೇಳಿದ್ದರೆ 12,960 ಸೇರಿ 84,960 ಆಯಿತು. ನಿಮ್ಮದು ರೆಗ್ಯುಲರ್ ಜಿಎಸ್‌ಟಿ ನೋಂದಣಿಯಾದರೆ ಖಾತೆಯಲ್ಲಿ ಜಿಎಸ್‌ಟಿ ನಂಬರ್ ಹಾಕಿ ಆ ತೆರಿಗೆಯನ್ನು ಇನ್‌ಪುಟ್ ಕ್ರೆಡಿಟ್ ಆಗಿ ವಾಪಸು ಪಡೆಯಬಹುದು. ಕಾಂಪೊಸಿಷನ್ ಸ್ಕೀಮಿನಲ್ಲಿದ್ದರೆ ಆ ಹಣ ಹೋದಂತೆಯೇ. ಆದಾಯ ತೆರಿಗೆಯಲ್ಲೂ ವ್ಯತ್ಯಾಸವಿದೆ: ಚಂದಾ ಆಯಾ ವರ್ಷದ ಖರ್ಚು, ಒಂದೇ ಸಲ ಕೊಂಡ ಸಾಫ್ಟ್‌ವೇರ್ ಆಸ್ತಿ, ಅದಕ್ಕೆ ಕಂಪ್ಯೂಟರಿನಂತೆ ಶೇಕಡಾ 40ರ ಸವಕಳಿ.

ಇನ್ನೊಂದು ತಕ್ಕಡಿಯಲ್ಲಿ ಹಳೆ ವರ್ಷನ್ ಇದೆ. ಅದು ಪುಕ್ಕಟೆ ಅಲ್ಲ. ಅದನ್ನು ನಡೆಸಲು ಹಳೆ ಮಷೀನ್ ಉಳಿಯಬೇಕು, ಬಿಡಿ ಭಾಗ ಸಿಗಬೇಕು, ಹೊಸ ಫೈಲ್ ಬಂದಾಗ ಯಾರದೋ ಕೈಕಾಲು ಹಿಡಿದು ಹಳೆ ವರ್ಷನ್‌ಗೆ ಸೇವ್ ಮಾಡಿಸಿಕೊಳ್ಳಬೇಕು. ಆ ಕೊನೆಯದನ್ನು ಒಂದು ವಾರ ಎಣಿಸಿ. 'ಅಣ್ಣ, ಎಕ್ಸ್7ನಾಗ ಸೇವ್ ಮಾಡಿ ಕಳ್ಸು' ಎಂದು ವಾರಕ್ಕೆ ಎರಡು ಸಲ ಫೋನ್ ಮಾಡುವುದಾದರೆ ಹಳೆಯದೇ ಸಾಕು. ದಿನಕ್ಕೆ ಎರಡು ಸಲವಾದರೆ ಚಂದಾ ಕಟ್ಟುವುದೇ ಅಗ್ಗ.

ಕೆಲಸಕ್ಕೆ ತಕ್ಕಂತೆ ನಮ್ಮ ಅಭಿಪ್ರಾಯ ಹೀಗೆ. ಲಗ್ನಪತ್ರಿಕೆ, ಬಿಲ್‌ಬುಕ್, ವಿಸಿಟಿಂಗ್ ಕಾರ್ಡ್ ಮಾತ್ರ ಮಾಡುವ ಅಂಗಡಿಗೆ ಚಂದಾ ಬೇಕಿಲ್ಲ. ಹೊಸ ಕ್ಯಾಮೆರಾ ಕೊಂಡ ಸ್ಟುಡಿಯೋಗೆ ಹಳೆಯದು ಅರ್ಧ ದಾರಿವರೆಗೆ ನಡೆಯುತ್ತದೆ. ಬೆಂಗಳೂರು, ಹೈದರಾಬಾದಿನ ಏಜೆನ್ಸಿಗಳಿಂದ ಫೈಲ್ ಬರುವವರಿಗೆ ಹೊಸದು ಬೇಕೇ ಬೇಕು. ಬಳ್ಳಾರಿಯ ಜೀನ್ಸ್ ಲೇಬಲ್, ಟ್ಯಾಗ್ ಮಾಡುವವರಿಗೆ ಎರಡೂ ಬೇಕು, ಅದಕ್ಕೊಂದು ವಿಚಿತ್ರ ಕಾರಣ ಇದೆ.

ಲೇಬಲ್‌ನ ಬಣ್ಣವನ್ನು ಗಾರ್ಮೆಂಟ್‌ನವರು ಪ್ಯಾಂಟೋನ್ ಕಂಪನಿ ಪ್ರತಿ ಬಣ್ಣಕ್ಕೆ ಕೊಟ್ಟ ನಂಬರಿನಲ್ಲಿ ಹೇಳುತ್ತಾರೆ. ಆ ಬಣ್ಣದ ಪಟ್ಟಿಗಳು ಸಿಎಸ್6ರ ಒಳಗೇ ಇದ್ದವು. 2022ರ ಕೊನೆಗೆ ಅಡೋಬಿಯ ಹೊಸ ವರ್ಷನ್‌ಗಳಿಂದ ಹೆಚ್ಚಿನ ಪ್ಯಾಂಟೋನ್ ಪಟ್ಟಿಗಳು ಹೊರಬಿದ್ದವು. ಬೇಕಾದವರು ಪ್ಯಾಂಟೋನ್‌ಗೆ ಬೇರೆ ಚಂದಾ ಕಟ್ಟಬೇಕಾಯಿತು. ಹಳೆ ಫೋಟೊಶಾಪ್ ಫೈಲ್‌ಗಳನ್ನು ಹೊಸದರಲ್ಲಿ ತೆರೆದವರಿಗೆ ಬಣ್ಣವಿದ್ದ ಜಾಗ ಕಪ್ಪಾಗಿ ಕಂಡಿದ್ದೂ ಉಂಟು. ಆದ್ದರಿಂದ ಇಂಥ ನಂಬರಿನ ಬಣ್ಣ (ಸ್ಪಾಟ್ ಬಣ್ಣ) ಬಳಸಿದ ಪ್ರತಿ ಫೈಲಿನಲ್ಲೂ ಪುಟದ ಹೊರಗೆ ಪ್ಯಾಂಟೋನ್ ನಂಬರ್ ಮತ್ತು ಅಚ್ಚಿನ ನಾಲ್ಕು ಬಣ್ಣಗಳ, ಅಂದರೆ ಸಿಎಂವೈಕೆಯ, ಅಂಕಿಗಳನ್ನು ಅಕ್ಷರದಲ್ಲೇ ಟೈಪ್ ಮಾಡಿಡಿ. ಪ್ರೋಗ್ರಾಂ ಮರೆತರೂ ಫೈಲ್ ನೆನಪಿಟ್ಟುಕೊಂಡಿರುತ್ತದೆ.

ಮೂರನೆಯದು: ಹಳೆ ಮಷೀನನ್ನು ಜೀವಂತ ಇಡುವುದು

ಹಳೆ ವರ್ಷನ್ ಉಳಿಸಿಕೊಳ್ಳುತ್ತೇನೆ ಎಂದರೆ ಮಷೀನನ್ನು ಉಳಿಸಿಕೊಳ್ಳುತ್ತೇನೆ ಎಂದೇ ಅರ್ಥ. ವಿಂಡೋಸ್ ಎಕ್ಸ್‌ಪಿಗೆ 2014ರ ಏಪ್ರಿಲ್‌ನಲ್ಲಿ, ವಿಂಡೋಸ್ 7ಕ್ಕೆ 2020ರ ಜನವರಿಯಲ್ಲಿ, ವಿಂಡೋಸ್ 10ಕ್ಕೆ 2025ರ ಅಕ್ಟೋಬರ್ 14ಕ್ಕೆ ಮೈಕ್ರೋಸಾಫ್ಟ್‌ನ ಮಾಮೂಲಿ ಬೆಂಬಲ ಮುಗಿದಿದೆ. ಆದ್ದರಿಂದ ಮೊದಲ ನಿಯಮ: ಈ ಮಷೀನಿಗೆ ಇಂಟರ್ನೆಟ್ ಬೇಡ. ನೆಟ್ ವೈರ್ ಕಿತ್ತು ಹಾಕಿ. ಫೈಲ್ ಸಾಗಿಸಲು ಒಂದೇ ಒಂದು ಪೆನ್‌ಡ್ರೈವ್ ಮೀಸಲಿಡಿ. ಗಿರಾಕಿಯ ಪೆನ್‌ಡ್ರೈವ್ ಮೊದಲು ಹೊಸ ಮಷೀನಿಗೆ ಹೋಗಿ, ಸ್ಕ್ಯಾನ್ ಆಗಿ, ಬೇಕಾದ ಫೈಲ್ ಮಾತ್ರ ನಿಮ್ಮ ಪೆನ್‌ಡ್ರೈವ್‌ಗೆ ಬರಲಿ. ಫೋಲ್ಡರ್‌ಗಳೆಲ್ಲ ಶಾರ್ಟ್‌ಕಟ್ ಆಗಿ ಬದಲಾಗುವ ವೈರಸ್ ಬರುವ ದಾರಿ ಅದೊಂದೇ.

ಎರಡನೆಯದಾಗಿ, ಇಡೀ ಡಿಸ್ಕಿನ ಪ್ರತಿ. ಬರೀ ಫೈಲ್ ಕಾಪಿ ಮಾಡಿದರೆ ಪ್ರೋಗ್ರಾಂ ಬರುವುದಿಲ್ಲ. ಕ್ಲೋನ್‌ಜಿಲ್ಲಾ ಎಂಬ ಉಚಿತ ಸಾಧನವಿದೆ. ಹೊಸ ಮಷೀನಿನಲ್ಲಿ ಅದನ್ನು ಡೌನ್‌ಲೋಡ್ ಮಾಡಿ ಒಂದು ಪೆನ್‌ಡ್ರೈವ್‌ಗೆ ಬೂಟ್ ಆಗುವಂತೆ ಹಾಕಿ. ಹಳೆ ಮಷೀನನ್ನು ಆ ಪೆನ್‌ಡ್ರೈವ್‌ನಿಂದ ಶುರು ಮಾಡಿ, ಡಿಸ್ಕ್‌ನಿಂದ ಡಿಸ್ಕ್‌ಗೆ ಎಂಬ ಆಯ್ಕೆ ಆರಿಸಿ. ಇಲ್ಲಿ ಮೂಲ ಯಾವುದು, ಗುರಿ ಯಾವುದು ಎಂದು ಎರಡು ಸಲ ಓದಿ. ತಿರುವುಮುರುವಾದರೆ ಖಾಲಿ ಡಿಸ್ಕ್ ಬಂದು ನಿಮ್ಮ ಇಪ್ಪತ್ತು ವರ್ಷದ ಮೇಲೆ ಕೂರುತ್ತದೆ. ಅಂಥ ತಪ್ಪು ಆಗದಿರಲು ಎರಡೂ ಡಿಸ್ಕಿನ ಕಂಪನಿ ಹೆಸರು ಮತ್ತು ಗಾತ್ರವನ್ನು ಮೊದಲೇ ಚೀಟಿಯಲ್ಲಿ ಬರೆದುಕೊಳ್ಳಿ. ಗುರಿಯ ಡಿಸ್ಕ್ ಮೂಲದಷ್ಟೇ ಅಥವಾ ಅದಕ್ಕಿಂತ ದೊಡ್ಡದಿರಬೇಕು.

ಪ್ರತಿ ಮಾಡಿ ಕಪಾಟಿನಲ್ಲಿ ಇಟ್ಟರೆ ಕೆಲಸ ಮುಗಿಯಲಿಲ್ಲ. ಹಳೆ ಡಿಸ್ಕ್ ಬಿಚ್ಚಿ, ಪ್ರತಿಯನ್ನು ಹಾಕಿ, ಮಷೀನ್ ಶುರುವಾಗಿ ಪ್ರೋಗ್ರಾಂ ತೆರೆದು ಒಂದು ಫೈಲ್ ಪ್ರಿಂಟ್ ಆಗುವವರೆಗೆ ಪರೀಕ್ಷೆ ಮಾಡಿ. ಡಿಸ್ಕ್ ಬದಲಾಗಿದೆ ಎಂದು ಕೆಲವು ಪ್ರೋಗ್ರಾಂ ಮತ್ತೆ ಆಕ್ಟಿವೇಶನ್ ಕೇಳಬಹುದು. ಕೇಳಿದರೆ ಗಾಬರಿ ಬೇಡ, ಮೂಲ ಡಿಸ್ಕ್ ಇನ್ನೂ ಕೈಯಲ್ಲೇ ಇದೆ. ಆದರೆ ಆ ಪ್ರೋಗ್ರಾಮಿನ ಮುಂದೆ ನೋಟ್‌ಬುಕ್ಕಿನಲ್ಲಿ 'ಬಾಡಿಗೆ' ಎಂದು ಬರೆಯಿರಿ, ಮತ್ತು ಅದರ ಫೈಲ್‌ಗಳನ್ನು ಹೊಸ ರೂಪಕ್ಕೆ ಬದಲಿಸುವ ಕೆಲಸ ಈ ತಿಂಗಳೇ ಶುರು ಮಾಡಿ.

ವಿಂಡೋಸ್ 7 ಇದ್ದರೆ ಪ್ರತಿಯನ್ನು ಎಸ್‌ಎಸ್‌ಡಿಗೇ ಮಾಡಿ ಅದನ್ನೇ ದಿನಬಳಕೆಗೆ ಹಾಕಿ. ಹಳೆ ಮಷೀನಿಗೆ ಇದಕ್ಕಿಂತ ಒಳ್ಳೆಯ ಔಷಧಿ ಇಲ್ಲ. ಎಕ್ಸ್‌ಪಿಗೆ ಎಸ್‌ಎಸ್‌ಡಿಯ ಟ್ರಿಮ್ (ಅಳಿಸಿದ ಜಾಗ ಯಾವುದೆಂದು ಡಿಸ್ಕಿಗೆ ತಿಳಿಸುವ ಆಜ್ಞೆ) ಗೊತ್ತಿಲ್ಲದ್ದರಿಂದ ಅಲ್ಲಿ ಮಾಮೂಲಿ ಹಾರ್ಡ್‌ಡಿಸ್ಕೇ ಇರಲಿ.

ಮದರ್‌ಬೋರ್ಡಿನ ಮೇಲೆ ನಾಣ್ಯದಂಥ ಒಂದು ಬ್ಯಾಟರಿ ಇರುತ್ತದೆ, ಸಿಆರ್2032. ಅದು ಸತ್ತರೆ ಪ್ರತಿ ಸಲ ಕರೆಂಟ್ ಹೋಗಿ ಬಂದಾಗ ತಾರೀಖು ಎಷ್ಟೋ ವರ್ಷ ಹಿಂದಕ್ಕೆ ಹೋಗುತ್ತದೆ. ತಾರೀಖು ನೋಡಿ ಲೈಸೆನ್ಸ್ ಪರೀಕ್ಷಿಸುವ ಪ್ರೋಗ್ರಾಂಗಳು ಆಗ ಮುಷ್ಕರ ಹೂಡುತ್ತವೆ. 'ಸಾಫ್ಟ್‌ವೇರ್ ಹೋಯ್ತು' ಎಂದು ಫಾರ್ಮ್ಯಾಟ್ ಮಾಡಿಸುವ ಮುಂಚೆ ಪರದೆಯ ಬಲಮೂಲೆಯ ಗಡಿಯಾರ ನೋಡಿ. ಒಂದು ಬ್ಯಾಟರಿಗೆ ಹೋಗುವುದು ಎರಡು ಚಹಾದ ದುಡ್ಡು.

ಬಿಸಿಲಿನ ಮಾತು ನಮ್ಮ ಕಡೆಯವರಿಗೆ ಹೇಳಬೇಕಿಲ್ಲ. ಫೆಬ್ರವರಿಯಲ್ಲೇ ಒಮ್ಮೆ ಕ್ಯಾಬಿನೆಟ್ ಬಿಚ್ಚಿ ಬ್ಲೋವರ್ ಹೊಡೆಸಿ, ಪ್ರೊಸೆಸರ್ ಮೇಲಿನ ಒಣಗಿದ ಥರ್ಮಲ್ ಪೇಸ್ಟ್ ಬದಲಿಸಿ. ಬ್ಲೋವರ್ ಹೊಡೆಯುವಾಗ ಫ್ಯಾನ್ ತಿರುಗದಂತೆ ಬೆರಳಿನಿಂದ ಹಿಡಿದುಕೊಳ್ಳಬೇಕು.

ಕರೆಂಟ್ ಹೋಗುವ ಊರಿನಲ್ಲಿ ವರ್ಷನ್ ಆಯ್ಕೆಗೇ ಒಂದು ಅರ್ಥವಿದೆ. ಫೋಟೊಶಾಪ್ ತಾನಾಗಿ ಉಳಿಸಿಕೊಳ್ಳಲು ಕಲಿತದ್ದು ಸಿಎಸ್6ರಲ್ಲಿ. ಪ್ರಿಫರೆನ್ಸಸ್, ಫೈಲ್ ಹ್ಯಾಂಡ್ಲಿಂಗ್‌ಗೆ ಹೋಗಿ ರಿಕವರಿ ಮಾಹಿತಿ ಉಳಿಸುವ ಅವಧಿಯನ್ನು 10ರಿಂದ 5 ನಿಮಿಷಕ್ಕೆ ಇಳಿಸಿ. ಸಿಎಸ್5 ಮತ್ತು ಅದಕ್ಕಿಂತ ಹಳೆಯದರಲ್ಲಿ ಇದು ಇಲ್ಲ, ಕಂಟ್ರೋಲ್ ಎಸ್ ಒತ್ತುವ ಬೆರಳೇ ಗತಿ. ಪೇಜ್‌ಮೇಕರ್ ಮಾತ್ರ ಆ ಕಾಲಕ್ಕೇ ಜಾಣ: ಪುಟ ತಿರುವಿದಾಗೆಲ್ಲ ಮಿನಿ ಸೇವ್ ಮಾಡಿಕೊಳ್ಳುತ್ತದೆ.

ಇನ್ನು ಫ್ಲೆಕ್ಸ್‌ನವರಿಗೆ. ಫೋಟೊಶಾಪ್ 7ರಿಂದ ಸಿಎಸ್3ವರೆಗಿನದೆಲ್ಲ 32 ಬಿಟ್. ಮಷೀನಿನಲ್ಲಿ 16 ಜಿಬಿ ರ‍್ಯಾಮ್ ಇದ್ದರೂ ಅವು 4 ಜಿಬಿಯ ಗೆರೆ ದಾಟಲಾರವು. 10 ಅಡಿ ಅಗಲ, 6 ಅಡಿ ಎತ್ತರದ ಬ್ಯಾನರನ್ನು ನಿಜಗಾತ್ರದಲ್ಲಿ 72 ಡಿಪಿಐಗೆ ತೆರೆದರೆ 8,640 ಗುಣಿಸು 5,184 ಪಿಕ್ಸೆಲ್. ಸಿಎಂವೈಕೆಯಲ್ಲಿ ಒಂದು ತುಂಬಿದ ಲೇಯರ್‌ಗೆ ಸುಮಾರು 180 ಎಂಬಿ. ಎಂಟು ಲೇಯರ್ ಆಯಿತೆಂದರೆ 1.4 ಜಿಬಿ ದಾಟಿತು, ಅದರ ಮೇಲೆ ಹಿಸ್ಟರಿ. ಹೊಸ ಹುಡುಗರು ಕ್ವಾಲಿಟಿ ಬರಲಿ ಎಂದು 300 ಡಿಪಿಐ ಕೊಟ್ಟರೆ ಅಗಲ 36,000 ಪಿಕ್ಸೆಲ್ ಆಗುತ್ತದೆ. ಪಿಎಸ್‌ಡಿಯ ಮಿತಿಯೇ 30,000. ದೂರದಿಂದ ನೋಡುವ ಬ್ಯಾನರಿಗೆ 72 ಸಾಕು. ದೊಡ್ಡ ಕೆಲಸ ದಿನವೂ ಇದ್ದರೆ 64 ಬಿಟ್ ಇರುವ ಸಿಎಸ್4 ಅಥವಾ ಮುಂದಿನದು ಬೇಕು.

ಮ್ಯಾಕ್ ಇಟ್ಟುಕೊಂಡವರಿಗೆ ಒಂದೇ ಮಾತು: 2019ರ ಮ್ಯಾಕ್ ಆಪರೇಟಿಂಗ್ ಸಿಸ್ಟಮ್ ಕ್ಯಾಟಲಿನಾ 32 ಬಿಟ್ ಪ್ರೋಗ್ರಾಂಗಳನ್ನು ನಿಲ್ಲಿಸಿತು. ಸಿಎಸ್6 ಬೇಕಿದ್ದರೆ ಅದರ ಹಿಂದಿನ ಮೊಜಾವೆಯಲ್ಲೇ ನಿಲ್ಲಿ.

ನಾಲ್ಕನೆಯದು: ಕನ್ನಡ ಅಕ್ಷರ

ವರ್ಷನ್ ಬದಲಿಸುವವರು ಹೆಚ್ಚು ಎಡವುವುದು ಇಲ್ಲೇ. ಹಳೆ ನುಡಿ, ಶ್ರೀಲಿಪಿ, ಅನು ಫಾಂಟ್‌ಗಳು ಕನ್ನಡ, ತೆಲುಗು ಅಕ್ಷರದ ತುಂಡುಗಳನ್ನು ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕೂರಿಸಿದವು. ನಮ್ಮವರು ಆಸ್ಕಿ ಎನ್ನುವುದು ಇದಕ್ಕೇ. ಫಾಂಟ್ ತೆಗೆದರೆ 'ಬಳ್ಳಾರಿ' ಎಂಬುದು ಅರ್ಥವಿಲ್ಲದ ಚಿಹ್ನೆಗಳ ಸಾಲು. ಯೂನಿಕೋಡ್‌ನಲ್ಲಿ ಅಕ್ಷರ ಕನ್ನಡವಾಗಿಯೇ ಉಳಿಯುತ್ತದೆ, ಆದರೆ ಒತ್ತು, ಗುಣಿತ ಕೂಡಿಸುವ ಕೆಲಸ ಪ್ರೋಗ್ರಾಮಿನ ಮೇಲೆ ಬೀಳುತ್ತದೆ. ಹಳೆ ಪ್ರೋಗ್ರಾಂಗಳಿಗೆ ಆ ಕೆಲಸ ಬರುವುದಿಲ್ಲ.

ಹಾಗಾಗಿ ಯಾವುದೇ ವರ್ಷನ್‌ಗೆ ದುಡ್ಡು ಹಾಕುವ ಮುಂಚೆ ಟ್ರಯಲ್‌ನಲ್ಲಿ ಈ ಸಾಲು ಟೈಪ್ ಮಾಡಿ: ಸ್ತ್ರೀ, ಕರ್ತೃ, ಜ್ಞಾನ, ವೈಶಿಷ್ಟ್ಯ, ಅರ್ಥ, ಲಕ್ಷ್ಮೀ, ರ‍್ಯಾಲಿ. 'ಸ್ತ್ರೀ' ಒಡೆದು ಸ, ತ, ರ ಬೇರೆ ಬೇರೆ ನಿಂತರೆ ಅದು ಕನ್ನಡಕ್ಕೆ ತಯಾರಿಲ್ಲ. 'ಅರ್ಥ'ದಲ್ಲಿ ಅರ್ಕಾವತ್ತು ಥ ಅಕ್ಷರದ ಬಲಕ್ಕೆ ಬರಬೇಕು. 'ರ‍್ಯಾಲಿ'ಯಲ್ಲಿ ರ ಪೂರ್ತಿ ನಿಂತು ಯ ಒತ್ತಾಗಿ ಕೆಳಗೆ ಬರಬೇಕು. ಯ ಮೇಲೆ ನಿಂತು ಅರ್ಕಾವತ್ತು ಬಂದರೆ ಕೀಬೋರ್ಡ್ ಜೋಡಕವನ್ನು (ಅಕ್ಷರ ಕೂಡಿಸುವ, ಕಣ್ಣಿಗೆ ಕಾಣದ ಚಿಹ್ನೆ) ಹಾಕಿಲ್ಲ, ಅಥವಾ ಪ್ರೋಗ್ರಾಂ ಅದನ್ನು ನುಂಗಿದೆ. ಚುನಾವಣೆ ಫ್ಲೆಕ್ಸ್ ಮಾಡುವವರಿಗೆ ಈ ಒಂದು ಪದದಿಂದಲೇ ಎಷ್ಟೋ ಮೀಟರ್ ಹಾಳಾಗುತ್ತದೆ.

ಒಡೆದು ಬಂದರೆ ಕೂಡಲೇ ಕೈಬಿಡಬೇಡಿ, ಸೆಟ್ಟಿಂಗ್ ನೋಡಿ. ಫೋಟೊಶಾಪ್‌ನಲ್ಲಿ ಪ್ರಿಫರೆನ್ಸಸ್‌ನ ಟೈಪ್ ವಿಭಾಗದಲ್ಲಿ ವರ್ಲ್ಡ್ ರೆಡಿ ಲೇಔಟ್ ಎಂಬ ಆಯ್ಕೆ ಇದ್ದರೆ ಅದನ್ನು ಆರಿಸಿ, ಪ್ರೋಗ್ರಾಂ ಮುಚ್ಚಿ ತೆರೆಯಿರಿ. ಹಳೆ ಟೆಕ್ಸ್ಟ್ ಲೇಯರಿಗೆ ಪ್ಯಾರಾಗ್ರಾಫ್ ಪ್ಯಾನೆಲ್ಲಿನ ಮೂಲೆಯ ಮೆನುವಿನಿಂದ ಅದನ್ನೇ ಹಾಕಬೇಕು. ಪುಟ ಜೋಡಿಸುವ ಅಡೋಬಿಯ ಇನ್‌ಡಿಸೈನ್‌ನಲ್ಲಿ ಅದೇ ಜಾಗದಲ್ಲಿ ವರ್ಲ್ಡ್ ರೆಡಿ ಪ್ಯಾರಾಗ್ರಾಫ್ ಕಂಪೋಸರ್ ಇರುತ್ತದೆ. ಸಿಎಸ್6ರ ಇನ್‌ಡಿಸೈನ್‌ಗೂ ಕನ್ನಡ ಬರುತ್ತದೆ, ಆದರೆ ಸ್ಕ್ರಿಪ್ಟ್ಸ್ ಪ್ಯಾನೆಲ್ಲಿನ ಅಪ್ಲಿಕೇಶನ್ ಫೋಲ್ಡರಿನಲ್ಲಿರುವ ಇಂಡಿಕ್ ಪ್ರಿಫರೆನ್ಸಸ್ ಸ್ಕ್ರಿಪ್ಟನ್ನು ಒಮ್ಮೆ ಓಡಿಸಬೇಕು. ಇದು ಗೊತ್ತಿಲ್ಲದೆ ಸಿಎಸ್6 ಕನ್ನಡಕ್ಕೆ ಬರಲ್ಲ ಎಂದು ಬಿಟ್ಟವರು ಬಹಳ. ಕೋರಲ್‌ನಲ್ಲಿ 2012ರ ಎಕ್ಸ್6ರಿಂದ ಇಂಥ ಲಿಪಿಗಳಿಗೆ ಬೆಂಬಲ ಬಂತು. ಅದಕ್ಕೂ ಹಿಂದಿನವುಗಳಲ್ಲಿ ಆಸ್ಕಿ ಫಾಂಟನ್ನೇ ನಂಬಿ.

ಹಳೆ ಆಸ್ಕಿ ಪಠ್ಯವನ್ನು ಯೂನಿಕೋಡಿಗೆ ಬದಲಿಸುವಾಗ ಮೊದಲು ಇಂಗ್ಲಿಷ್ ಭಾಗಗಳನ್ನು ಬೇರೆ ತೆಗೆಯಿರಿ. ಪರಿವರ್ತಕಕ್ಕೆ ಫಾಂಟ್ ಕಾಣುವುದಿಲ್ಲ, ಇಮೇಲ್ ವಿಳಾಸವನ್ನೂ ಕನ್ನಡ ಎಂದುಕೊಂಡು ಅಸಂಬದ್ಧ ಮಾಡಿಡುತ್ತದೆ. ನುಡಿಯ ಸಂಕೇತ ಬೇರೆ, ಶ್ರೀಲಿಪಿಯದು ಬೇರೆ. ಪರಿವರ್ತಕದಲ್ಲಿ ಸರಿಯಾದದ್ದು ಆರಿಸಿ. ಆದ ಮೇಲೆ ಮೂರು ಕಡೆ ಕಣ್ಣಾಡಿಸಿ: ಅರ್ಕಾವತ್ತು ಒಂದು ಅಕ್ಷರ ಆಚೀಚೆ ಆಗಿರುತ್ತದೆ, ಅನುಸ್ವಾರದ ಜಾಗದಲ್ಲಿ ಸೊನ್ನೆ ಕೂತಿರುತ್ತದೆ, ದೀರ್ಘ ಎರಡು ತುಂಡಾಗಿ ಬಂದಿರುತ್ತದೆ. ಕೊನೆಯ ಎರಡು ಕಣ್ಣಿಗೆ ಕಾಣುವುದೇ ಇಲ್ಲ. ಪ್ರಿಂಟ್ ಚೆನ್ನಾಗಿಯೇ ಬರುತ್ತದೆ, ಆದರೆ ಮುಂದಿನ ವರ್ಷ 'ಕೊಪ್ಪಳ ಪಂಚಾಯಿತಿ' ಎಂದು ಹುಡುಕಿದರೆ ಸಿಗುವುದಿಲ್ಲ.

ಫಾಂಟ್ ಫೋಲ್ಡರನ್ನೂ ನೋಡಿ. ಪಿಎಫ್‌ಬಿ, ಪಿಎಫ್‌ಎಂ ಎಂಬ ಜೋಡಿ ಫೈಲ್‌ಗಳಿದ್ದರೆ ಅವು ಟೈಪ್ 1 ಫಾಂಟ್. 2023ರ ಜನವರಿಯಿಂದ ಅಡೋಬಿಯ ಹೊಸ ವರ್ಷನ್‌ಗಳು ಅವನ್ನು ಒಪ್ಪುವುದಿಲ್ಲ. ಟಿಟಿಎಫ್ ಇದ್ದರೆ ತೊಂದರೆ ಇಲ್ಲ.

ಪೇಜ್‌ಮೇಕರ್ ಫೈಲ್‌ಗಳದು ಬೇರೆಯೇ ಕಥೆ. ಇನ್‌ಡಿಸೈನ್ ಸಿಎಸ್6 ಮತ್ತು ಹಿಂದಿನವು ಪೇಜ್‌ಮೇಕರ್ 6, 7ರ ಫೈಲ್ ತೆರೆಯುತ್ತವೆ, ಚಂದಾದ ಹೊಸ ಇನ್‌ಡಿಸೈನ್ ತೆರೆಯುವುದಿಲ್ಲ. ಸಿಎಸ್6 ಸೇತುವೆಯಂತೆ: ಅದರಲ್ಲಿ ತೆರೆದು ಸೇವ್ ಮಾಡಿದ ಮೇಲೆ ಹೊಸದಕ್ಕೆ ದಾಟಿಸಬಹುದು. ಅಂಗಡಿಯಲ್ಲಿ ಒಂದು ಸಿಎಸ್6 ಇದ್ದರೆ ಬರೀ ಈ ಕಾರಣಕ್ಕಾದರೂ ಅದನ್ನು ಬಿಡಬೇಡಿ.

ಐದನೆಯದು: ಚಂದಾ ಕಟ್ಟುವುದೇ ಆದರೆ

ಮೂರು ಬಗೆಯ ಕರಾರು ಇರುತ್ತವೆ. ತಿಂಗಳು ತಿಂಗಳ ಚಂದಾ, ವರ್ಷಕ್ಕೆ ಒಪ್ಪಿಕೊಂಡು ತಿಂಗಳ ಕಂತು, ವರ್ಷದ್ದು ಒಂದೇ ಸಲ. ಸಿಕ್ಕಿಬೀಳುವುದು ನಡುವಿನದರಲ್ಲಿ. ತಿಂಗಳ ಬೆಲೆ ಕಂಡು ತಿಂಗಳ ಚಂದಾ ಅಂದುಕೊಳ್ಳುತ್ತಾರೆ, ಅದು ವರ್ಷದ ಕರಾರು. ಅಡೋಬಿಯ ಈ ಕರಾರಿನಲ್ಲಿ 14 ದಿನದೊಳಗೆ ಬೇಡ ಎಂದರೆ ಪೂರ್ತಿ ಹಣ ವಾಪಸು. ಆಮೇಲೆ ಬಿಟ್ಟರೆ ಉಳಿದ ತಿಂಗಳುಗಳ ಹಣದಲ್ಲಿ ಅರ್ಧ ಕೇಳುವುದು ರೂಢಿ. ಅದೇ 2,000ದ ಲೆಕ್ಕದಲ್ಲಿ ನಾಲ್ಕು ತಿಂಗಳಿಗೆ ಬಿಟ್ಟರೆ ಉಳಿದ ಎಂಟು ತಿಂಗಳ 16,000ದಲ್ಲಿ 8,000. ಈ ಶುಲ್ಕವನ್ನು ಗಿರಾಕಿಗೆ ಸ್ಪಷ್ಟವಾಗಿ ತೋರಿಸುವುದಿಲ್ಲ ಎಂದು 2024ರ ಜೂನ್‌ನಲ್ಲಿ ಅಮೆರಿಕ ಸರ್ಕಾರವೇ ಅಡೋಬಿ ಮೇಲೆ ದಾವೆ ಹೂಡಿತು. ಹಣ ಕಟ್ಟುವ ದಿನವೇ ಆ ಪುಟದ ಸ್ಕ್ರೀನ್‌ಶಾಟ್ ತೆಗೆದಿಡಿ, 13ನೇ ದಿನಕ್ಕೆ ಫೋನಿನಲ್ಲಿ ಅಲಾರಂ ಇಡಿ.

ಸೀಸನ್ ಕೆಲಸದವರಿಗೆ ತಿಂಗಳ ಚಂದಾ, ದರ ಹೆಚ್ಚಿದ್ದರೂ, ಒಟ್ಟಾರೆ ಅಗ್ಗ. ಜನವರಿ ಹೊತ್ತಿಗೆ ಕೊಪ್ಪಳದ ಗವಿಮಠದ ಜಾತ್ರೆ, ಆಮೇಲೆ ಬೇಸಿಗೆಯ ಲಗ್ನಗಳು. ಹೀಗೆ ಐದಾರು ತಿಂಗಳು ಕಟ್ಟಿ ಆಷಾಢದಲ್ಲಿ ನಿಲ್ಲಿಸಬಹುದು. ನಿಲ್ಲಿಸುವ ಹಿಂದಿನ ವಾರ ಕ್ಲೌಡ್‌ನಲ್ಲಿರುವ ಫೈಲ್‌ಗಳನ್ನು ನಿಮ್ಮ ಡಿಸ್ಕಿಗೆ ಇಳಿಸಿಕೊಳ್ಳಿ, ಇನ್‌ಡಿಸೈನ್ ಕೆಲಸಗಳನ್ನು ಐಡಿಎಂಎಲ್ ಆಗಿಯೂ, ಇಲಸ್ಟ್ರೇಟರ್ ಕೆಲಸಗಳನ್ನು ಹಳೆ ವರ್ಷನ್‌ಗೂ ಸೇವ್ ಮಾಡಿ. ಐಡಿಎಂಎಲ್ ಸಿಎಸ್4ರಿಂದ ಈಚಿನ ಎಲ್ಲದರಲ್ಲೂ ತೆರೆಯುತ್ತದೆ.

ಕಾರ್ಡ್‌ನಿಂದ ತಾನಾಗಿ ಹಣ ಕಡಿತವಾಗುವುದಕ್ಕೆ ರಿಸರ್ವ್ ಬ್ಯಾಂಕಿನ ನಿಯಮ 2021ರ ಅಕ್ಟೋಬರ್‌ನಿಂದ ಬಿಗಿಯಾಗಿದೆ. ಮೊದಲ ಸಲ ಒಟಿಪಿ ಕೊಟ್ಟು ಕಡಿತಕ್ಕೆ ಒಪ್ಪಿಗೆ (ಮ್ಯಾಂಡೇಟ್) ಕೊಡಬೇಕು, ಪ್ರತಿ ಕಡಿತಕ್ಕೆ 24 ಗಂಟೆ ಮೊದಲು ಬ್ಯಾಂಕಿನ ಸಂದೇಶ ಬರಬೇಕು, 15,000 ರೂಪಾಯಿ ದಾಟಿದರೆ ಪ್ರತಿ ಸಲವೂ ಒಟಿಪಿ. ವರ್ಷದ ಹಣ ಒಂದೇ ಸಲ ಕಟ್ಟುವವರಿಗೆ ಇದು ಮುಖ್ಯ: ಆ ಒಟಿಪಿ ಮಾಲೀಕರ ಫೋನಿಗೆ ಬರುತ್ತದೆ, ಅವರು ಊರಲ್ಲಿಲ್ಲ, ನವೀಕರಣ ತಪ್ಪುತ್ತದೆ, ಪ್ರೋಗ್ರಾಂ ನಿಲ್ಲುತ್ತದೆ. ನವೀಕರಣದ ದಿನವನ್ನು ಅಂಗಡಿಯ ಕ್ಯಾಲೆಂಡರಿನ ಮೇಲೆ ಬರೆಯಿರಿ.

ನೆಟ್ ಇಲ್ಲದೆಯೂ ಚಂದಾ ಪ್ರೋಗ್ರಾಂ ಕೆಲವು ದಿನ ನಡೆಯುತ್ತದೆ. ಅಡೋಬಿಯಲ್ಲಿ ವರ್ಷದ ಕರಾರಿಗೆ 99 ದಿನ, ತಿಂಗಳದ್ದಕ್ಕೆ 30 ದಿನ. ದಿನವೂ ನೆಟ್ ಬೇಕು ಎಂಬ ಭಯ ಬೇಡ. ಇನ್ನೊಂದು: ಚಂದಾದಾರರೂ ಬೇಕಾದ ಹಳೆ ವರ್ಷನ್ ಇಟ್ಟುಕೊಳ್ಳುವಂತಿಲ್ಲ. 2019ರ ಮೇ ತಿಂಗಳಿಂದ ಅಡೋಬಿ ಈಚಿನ ಎರಡು ಮುಖ್ಯ ವರ್ಷನ್‌ಗಳನ್ನು ಮಾತ್ರ ಡೌನ್‌ಲೋಡ್‌ಗೆ ಬಿಟ್ಟಿದೆ.

ಕ್ಯಾಮೆರಾ ಮತ್ತು ವಿಡಿಯೊ

ಹೊಸ ಕ್ಯಾಮೆರಾದ ರಾ ಫೈಲ್ (ಸಂಸ್ಕರಿಸದ ಮೂಲ ಚಿತ್ರ) ಹಳೆ ಪ್ರೋಗ್ರಾಂನಲ್ಲಿ ತೆರೆಯದಿದ್ದರೆ ಅದೊಂದಕ್ಕೇ ಚಂದಾ ಕಟ್ಟಬೇಕಿಲ್ಲ. ಅದನ್ನು ಡಿಎನ್‌ಜಿ ಎಂಬ ರೂಪಕ್ಕೆ ಬದಲಿಸುವ ಅಡೋಬಿಯದೇ ಡಿಎನ್‌ಜಿ ಕನ್ವರ್ಟರ್ ಉಚಿತ. ಪ್ರಿಫರೆನ್ಸಸ್‌ನಲ್ಲಿ ಕಂಪ್ಯಾಟಿಬಿಲಿಟಿಯನ್ನು ಕ್ಯಾಮೆರಾ ರಾ 7.1 ಮತ್ತು ಮುಂದಿನದು ಎಂದು ಇಟ್ಟರೆ ಸಿಎಸ್6, ಲೈಟ್‌ರೂಮ್ 6 ಎರಡೂ ತೆರೆಯುತ್ತವೆ. ಹೊಸ ಮಷೀನಿನಲ್ಲಿ ಬದಲಿಸಿ ಹಳೆಯದಕ್ಕೆ ಒಯ್ಯಿರಿ. ಮೂಲ ರಾ ಫೈಲ್ ಅಳಿಸಬೇಡಿ.

ವಿಡಿಯೊದಲ್ಲಿ ಡಾವಿಂಚಿ ರಿಸಾಲ್ವ್ ಉಚಿತ ವರ್ಷನ್ ಹೆಚ್ಚಿನ ಮದುವೆ ಕೆಲಸಕ್ಕೆ ಸಾಕು. ಹೊಸ ವರ್ಷನ್‌ಗೆ ಏರಿಸುವ ಮುಂಚೆ ಪ್ರಾಜೆಕ್ಟ್‌ಗಳನ್ನು ಎಕ್ಸ್‌ಪೋರ್ಟ್ ಮಾಡಿಡಿ, ಏರಿದ ಲೈಬ್ರರಿ ಕೆಳಗಿಳಿಯುವುದಿಲ್ಲ. ಪ್ರೀಮಿಯರ್‌ನದೂ ಅದೇ ಗುಣ: ಹೊಸದರ ಪ್ರಾಜೆಕ್ಟ್ ಹಳೆಯದರಲ್ಲಿ ತೆರೆಯದು.

ಮೂರನೇ ದಾರಿ

ಬಾಡಿಗೆಯೂ ಬೇಡ, ಹಳೆಯದೂ ಇಲ್ಲ ಎನ್ನುವ ಹೊಸ ಅಂಗಡಿಯವರು ಮೊದಲು ಉಚಿತ ಪ್ರೋಗ್ರಾಂಗಳಾದ ಇಂಕ್‌ಸ್ಕೇಪ್ (ಕೋರಲ್‌ನಂಥದ್ದು), ಗಿಂಪ್ (ಫೋಟೊಶಾಪ್‌ನಂಥದ್ದು), ಸ್ಕ್ರೈಬಸ್ (ಪುಟ ಜೋಡಿಸಲು) ಪ್ರಯತ್ನಿಸಿ. ಇಂಕ್‌ಸ್ಕೇಪ್ ಮತ್ತು ಗಿಂಪ್‌ನಲ್ಲಿ ಕನ್ನಡ ಯಾವ ಸೆಟ್ಟಿಂಗೂ ಇಲ್ಲದೆ ಸರಿಯಾಗಿ ಕೂಡುತ್ತದೆ. ದುಡ್ಡು ಕೊಟ್ಟ ಕೆಲವಕ್ಕಿಂತ ಮೇಲು. ಸ್ಕ್ರೈಬಸ್‌ನಲ್ಲಿ 1.6 ಅಥವಾ ಮುಂದಿನದು ಬೇಕು, 1.4ರಲ್ಲಿ ಒತ್ತಕ್ಷರ ಒಡೆಯುತ್ತದೆ. ಇಂಕ್‌ಸ್ಕೇಪ್‌ನ ಪಿಡಿಎಫ್ ಪರದೆಯ ಬಣ್ಣವಾದ ಆರ್‌ಜಿಬಿಯಲ್ಲಿ ಬರುವುದರಿಂದ ನಾಲ್ಕು ಬಣ್ಣದ ಆಫ್‌ಸೆಟ್‌ಗೆ ಅದನ್ನು ನೇರ ಕೊಡಬೇಡಿ, ಸ್ಕ್ರೈಬಸ್ ಮೂಲಕ ಹೋಗಿ. ಇಂಕ್‌ಸ್ಕೇಪ್ ಕೋರಲ್ ಫೈಲನ್ನೂ ತೆರೆಯುತ್ತದೆ, ಅಕ್ಷರ, ಬಣ್ಣದ ಇಳಿತ ಅಲ್ಲಲ್ಲಿ ಜರುಗಿರುತ್ತವೆ. ಅಫಿನಿಟಿಯ 1 ಮತ್ತು 2ನೇ ವರ್ಷನ್‌ಗಳು ಚೆಂದದ ಪ್ರೋಗ್ರಾಂಗಳು, ಆದರೆ ಕನ್ನಡದ ಒತ್ತಕ್ಷರ ಕೂಡಿಸುವುದಿಲ್ಲ; ಕ್ಯಾನ್ವಾ 2025ರ ಅಕ್ಟೋಬರ್‌ನಲ್ಲಿ ಉಚಿತವಾಗಿ ಬಿಟ್ಟ ಹೊಸ ಅಫಿನಿಟಿಗೂ ಮೊದಲು ಆ 'ಸ್ತ್ರೀ, ಕರ್ತೃ' ಸಾಲಿನ ಪರೀಕ್ಷೆ ಮಾಡಿ.

ಪ್ರೆಸ್‌ಗೆ ಕೊಡುವಾಗ

ನಿಮ್ಮದು ಯಾವ ವರ್ಷನ್ನೇ ಇರಲಿ, ಪ್ರೆಸ್‌ನವರದು ಬೇರೆ ಇರುತ್ತದೆ. ಸಾಧ್ಯವಾದಲ್ಲೆಲ್ಲ ಅಚ್ಚಿಗೆಂದೇ ಇರುವ ಪಿಡಿಎಫ್ ಎಕ್ಸ್-1ಎ ಕೊಡಿ, ಫಾಂಟ್ ಒಳಗೇ ಇರುತ್ತದೆ, ಬಣ್ಣ ಆರ್‌ಜಿಬಿಯಲ್ಲಿ ಉಳಿಯುವುದಿಲ್ಲ. ಕೋರಲ್ ಫೈಲೇ ಬೇಕು ಎಂದರೆ ಅವರ ವರ್ಷನ್ ಕೇಳಿಕೊಂಡು ಸೇವ್ ಆ್ಯಸ್‌ನ ವರ್ಷನ್ ಪಟ್ಟಿಯಿಂದ ಅದನ್ನೇ ಆರಿಸಿ. ಕೆಳ ವರ್ಷನ್‌ಗೆ ಇಳಿಸಿದ ಫೈಲನ್ನು ಒಮ್ಮೆ ನೀವೇ ತೆರೆದು ನೋಡಿ, ಹೊಸ ಎಫೆಕ್ಟ್‌ಗಳು ಬದಲಾಗಿರಬಹುದು. ಆಮೇಲೆ ಎಲ್ಲ ಅಕ್ಷರ ಆರಿಸಿ ಕಂಟ್ರೋಲ್ ಕ್ಯೂ ಒತ್ತಿ ಕರ್ವ್ ಮಾಡಿ, ಅಂದರೆ ಅಕ್ಷರವನ್ನು ಫಾಂಟ್ ಬೇಡದ ಆಕಾರವಾಗಿ ಬದಲಿಸಿ. ಇಲಸ್ಟ್ರೇಟರ್‌ನಲ್ಲಿ ಅದು ಕಂಟ್ರೋಲ್ ಶಿಫ್ಟ್ ಓ.

ಕರ್ವ್ ಮಾಡಿದ್ದನ್ನು ಯಾವಾಗಲೂ ಬೇರೆ ಹೆಸರಿನಲ್ಲಿ ಸೇವ್ ಮಾಡಿ, ಹೆಸರಿನ ಕೊನೆಗೆ 'ಕರ್ವ್' ಎಂದು ಸೇರಿಸಿ. ಅಕ್ಷರ ಜೀವಂತ ಇರುವ ಮೂಲ ಫೈಲ್, ಅದರ ಫಾಂಟ್ ಮತ್ತು ಪಠ್ಯದ ಯೂನಿಕೋಡ್ ಪ್ರತಿ, ಮೂರನ್ನೂ ಒಂದೇ ಫೋಲ್ಡರಿನಲ್ಲಿ ಇಡಿ. ಮುಂದಿನ ವರ್ಷ ಅದೇ ಗಿರಾಕಿ ಬಂದು 'ತಾರೀಖು ಅಷ್ಟ ಚೇಂಜ್ ಮಾಡ್ರಿ' ಅಂದಾಗ ತೆರೆಯಬೇಕಾದ್ದು ಆ ಫೋಲ್ಡರು.